ಗಂಜಿ ಹತ್ತದ ನೂಲು

ನಮ್ಮ ಲ್ಯಾಬಿನ ಅಟೆಂಡರ್ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಿಂದ ಕಪ್ಪು ಉಣ್ಣೆ ನೂಲಿನ ಸಣ್ಣ ಲಡಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ನಾನು ಬಿಎಸ್ಸಿ ಮಕ್ಕಳ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

"ಏನಪ್ಪ ಇದು, ಬೆಳಿಗ್ಗೆ ಬೆಳಿಗ್ಗೆನೇ ಕುರಿ ಬೋಳಿಸ್ಕೊಂಡು ಬಂದಿದೀಯ?"

"ಇಲ್ಲ ಮೇಡಂ, ನಮ್ಮ ದೊಡ್ಡಪ್ಪಂದು. ಇದಕ್ಕೆ ಗಂಜಿ ಹತ್ತುತಾನೇ ಇಲ್ಲ. ನೀವು ಕ್ಲಾಸಲ್ಲಿ ಯಾವುದಕ್ಕೆ ಯಾವುದು ಅಂಟತೈತೆ, ಯಾವುದು ಅಂಟಲ್ಲ ಅಂತ ಹೇಳ್ತಿರ್ತೀರಲ್ಲ, ಹೊರಗೆ ನಿಂತು ಕೇಳಿದೀನಿ. ಒಂದ್ಸಲ ನೋಡ್ರಿ."

ರಾಸಾಯನಿಕ ಬಂಧಗಳ ಪಾಠಕ್ಕೆ ಇಷ್ಟು ಚಿಕ್ಕ ಸಾರಾಂಶವನ್ನು ನನ್ನ ಯಾವ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಬರೆದಿರಲಿಲ್ಲ. ಪೆನ್ನು ಕೆಳಗಿಟ್ಟೆ.

ಅಟೆಂಡರನ ದೊಡ್ಡಪ್ಪ ಯಲ್ಲದಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕಂಬಳಿ ನೇಯುವವರು. ಕಂಬಳಿಯವರಿಗೆ ಗಂಜಿ ಎಂದರೆ ಹುಣಸೆ ಬೀಜದ್ದು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದರೆ ಕೈಗೆ ಅಂಟಿದ್ದು ಬಿಡದಂಥ ಗಂಜಿಯಾಗುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಕ್ಕೆ ಲಾಳಿಯ ಜೊತೆ ಓಡಾಡುವುದು ಹೊಕ್ಕು. ಹಾಸಿನ ಎಳೆಗಳು ಎಳೆತದಲ್ಲಿರುತ್ತವೆ, ಒಂದಕ್ಕೊಂದು ಉಜ್ಜುತ್ತಲೇ ಇರುತ್ತವೆ. ಅವುಗಳಿಗೆ ಗಂಜಿ ಬಳಿದು ಒಣಗಿಸದಿದ್ದರೆ ಜುಂಜು ಎದ್ದು ಪಟಪಟ ಕಿತ್ತುಬರುತ್ತವೆ. ನೇಯ್ದ ಮೇಲೂ ಇಡೀ ಕಂಬಳಿಗೆ ಇನ್ನೊಂದು ಸಲ ಗಂಜಿ ಬಳಿದು ಬಿಸಿಲಿಗೆ ಹಾಕುತ್ತಾರೆ. ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು, ಮಳೆಹನಿ ಅದರ ಮೇಲಿಂದ ಜಾರುವುದು ಆ ಗಂಜಿಯ ದೆಸೆಯಿಂದ.

"ಬೇರೆ ನೂಲು ಹಾಕ್ಕೊಳ್ಳಿ ಅನ್ನಪ್ಪ. ಈ ಸೀಮೆಯಲ್ಲಿ ಉಣ್ಣೆಗೇನು ಬರ?"

"ಅದೇ ಆಗಲ್ಲ ಮೇಡಂ," ಎಂದು ಆತ ಹೇಳಿದ. ದೊಡ್ಡಪ್ಪನ ಮಗ ಕುರಿ ಮೇಯಿಸುತ್ತಿದ್ದವನು. ಹೋದ ವರ್ಷ ಹಿಂಡನ್ನು ಹೆದ್ದಾರಿ ದಾಟಿಸುವಾಗ ಲಾರಿ ಗುದ್ದಿ ತೀರಿಕೊಂಡ. ಅವರ ಮನೆಯ ಪದ್ಧತಿಯಂತೆ ವರ್ಷದ ದಿನ ಹೊಸ ಕಂಬಳಿಯನ್ನು ಗದ್ದಿಗೆಯಾಗಿ ಹಾಸಿ, ಅದರ ಮೇಲೆ ಹೋದವನ ಕೋಲು ಇಟ್ಟು, ಎಡೆ ಇಡಬೇಕು. ಆ ಕಂಬಳಿ ಅವನದೇ ಕುರಿಗಳ ತುಪ್ಪಟದಿಂದ ಆಗಬೇಕು. ಅವನು ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ಹಿಂಡು ನೆಂಟರಿಷ್ಟರಲ್ಲಿ ಹಂಚಿಹೋಯಿತು. ಅವನು ಕೈಯಾರೆ ಕತ್ತರಿಸಿದ ತುಪ್ಪಟ ಉಳಿದದ್ದು ಒಂದೇ ಚೀಲ. ಅದನ್ನು ಅವನ ಹೆಂಡತಿ ರಾಟೆಯಲ್ಲಿ ನೂತಿದ್ದಳು. ನನ್ನ ಮೇಜಿನ ಮೇಲಿದ್ದದ್ದು ಅದರ ಒಂದು ಲಡಿ. ವರ್ಷದ ದಿನಕ್ಕೆ ಒಂದು ತಿಂಗಳು ಚಿಲ್ಲರೆ ಉಳಿದಿತ್ತು.

ಕೇಳಿ ಪಾಪ ಅನಿಸಬೇಕಿತ್ತು. ಅನಿಸಲಿಲ್ಲ. ಆರು ತಿಂಗಳ ಹಿಂದೆ ನನ್ನ ಅಮ್ಮ ಹೋಗಿದ್ದಳು. ಮದುವೆ ಗಿದುವೆ ಆಗದವಳು ನಾನು. ಮಗಳೆಂಬುದನ್ನೇ ಮರೆತ ಅಮ್ಮನನ್ನು ವರ್ಷಗಟ್ಟಲೆ ಎತ್ತಿ, ಕೂರಿಸಿ, ಉಣ್ಣಿಸಿದವಳು. ಅವಳು ಹೋದ ದಿನ ಅಳು ಬರಲಿಲ್ಲ. ಗಟ್ಟಿಗಿತ್ತಿ ಅಂದರು ಬಂದವರು. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಹಾಗಿತ್ತು; ಅದರ ಮದ್ದು ಇಳಿಯಲೇ ಇಲ್ಲ. ಪಾಠ ಮಾಡುತ್ತಿದ್ದೆ, ಅನ್ನ ಮಾಡಿಕೊಳ್ಳುತ್ತಿದ್ದೆ. ಭಾನುವಾರ ಬಂದರೆ ಏನು ಮಾಡಬೇಕೆಂದು ತಿಳಿಯದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ನೂಲು ನೋಡುತ್ತೇನೆ ಎಂದು ಒಪ್ಪಿಕೊಂಡದ್ದು ಕರುಣೆಯಿಂದಲ್ಲ, ಕೈಗೆ ಕೆಲಸ ಬೇಕಿತ್ತು.

"ನಾಳೆ ನಿಮ್ಮ ದೊಡ್ಡಪ್ಪನ ಹತ್ರ ಗಂಜಿ ಒಂದಿಷ್ಟು ತಗೊಂಡು ಬಾ. ಗಂಜಿ ಚೆನ್ನಾಗಿ ಹತ್ತೋ ಹಳೇ ನೂಲೂ ಬೇಕು," ಎಂದೆ.

ಆತ ಟಿಫಿನ್ ಡಬ್ಬಿಯಲ್ಲಿ ಗಂಜಿ ತಂದ. ಎರಡು ನೂಲನ್ನೂ ಗಾಜಿನ ತಟ್ಟೆಯ ಮೇಲೆ ಎಳೆದು ಕಟ್ಟಿ ಒಂದೊಂದು ತೊಟ್ಟು ಗಂಜಿ ಬಿಟ್ಟೆವು. ಹಳೇ ನೂಲಿನ ಮೇಲೆ ಅದು ನಿಧಾನಕ್ಕೆ ಹರಡಿ ಒಳಗೆ ಇಳಿಯಿತು. ಹೊಸದರ ಮೇಲೆ ಕೆಸವಿನ ಎಲೆ ಮೇಲಿನ ನೀರಿನಂತೆ ಉಂಡೆಯಾಗಿ ಕೂತಿತು. ಒಣಗಿದ ಮೇಲೆ ಉಗುರಿನಿಂದ ತಟ್ಟಿದರೆ ಪುಡಿಯಾಗಿ ಉದುರಿತು.

ಗಂಜಿಯ ಅಣು ಸಕ್ಕರೆಯ ತುಂಡುಗಳು ಒಂದರ ಹಿಂದೊಂದು ಸೇರಿದ ಉದ್ದನೆಯ ಸರಪಳಿ. ಸರಪಳಿಯ ಕೊಂಡಿಗಳನ್ನು ಹಿಡಿದಿರುವುದು ಗಟ್ಟಿ ಬಂಧ. ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಆದದ್ದು. ಅದು ಸುಲಭಕ್ಕೆ ಮುರಿಯುವುದಿಲ್ಲ. ಆದರೆ ಗಂಜಿ ಉಣ್ಣೆಗೆ ಹತ್ತುವುದು ಆ ಬಂಧದಿಂದಲ್ಲ. ಸರಪಳಿಯ ಉದ್ದಕ್ಕೂ ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್‌ಗಳು ಚಾಚಿಕೊಂಡಿರುತ್ತವೆ. ಉಣ್ಣೆಯ ಪ್ರೋಟೀನಿನಲ್ಲಿ ಅವನ್ನು ಸೆಳೆಯುವ ಜಾಗಗಳಿರುತ್ತವೆ. ಇದನ್ನು ನಾವು ಹೈಡ್ರೋಜನ್ ಬಂಧ ಎನ್ನುತ್ತೇವೆ. ಒಂದೊಂದಾಗಿ ನೋಡಿದರೆ ಯಾವ ಲೆಕ್ಕಕ್ಕೂ ಇಲ್ಲ. ಸಾವಿರಾರು ಸಾಲಾಗಿ ನಿಂತರೆ ಕಂಬಳಿ ಹಲಗೆಯಾಗುತ್ತದೆ. ಆದರೆ ಅವಕ್ಕೆ ತೀರ ಹತ್ತಿರ ಬರಬೇಕು. ನಡುವೆ ಒಂದು ಪದರ ಜಿಡ್ಡು ಬಂದರೂ ಕತೆ ಮುಗಿಯಿತು.

ಹಾಗಾಗಿ ನನ್ನ ಮೊದಲ ಊಹೆ ಕುರಿಯ ಮೈಜಿಡ್ಡು. ತುಪ್ಪಟ ಸರಿಯಾಗಿ ತೊಳೆದಿಲ್ಲ ಎಂದುಕೊಂಡು, ಒಂದು ಗೇಣು ನೂಲನ್ನು ಸೋಪು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದೆ. ಜಿಡ್ಡು ಬಿಡುವ ಬದಲು ಬೂದು ಬಣ್ಣದ ಕೆನೆ ಎದ್ದು ನೂಲಿಗೇ ಮೆತ್ತಿಕೊಂಡಿತು. ಮುಟ್ಟಿದರೆ ಅಂಟಂಟು. ನಮ್ಮ ಕಾಲೇಜಿರುವ ಹಿರಿಯೂರಿನ ಕೊಳವೆಬಾವಿ ನೀರು ಎಷ್ಟು ಗಡಸು ಎಂಬುದು ಬಕೆಟ್ಟಿನ ಅಂಚು ನೋಡಿದರೆ ಗೊತ್ತಾಗುತ್ತದೆ, ಅದಕ್ಕೇ ಹೀಗೆ ಎಂದುಕೊಂಡೆ. ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮಾಡಿದೆ. ಮತ್ತೆ ಅದೇ ಕೆನೆ.

ಇದು ವಿಚಿತ್ರ. ಸೋಪಿನ ಅಣುವಿಗೆ ಜಿಡ್ಡನ್ನು ಹುಡುಕುವ ಉದ್ದ ಬಾಲ, ನೀರನ್ನು ಹುಡುಕುವ ಋಣ ಆವೇಶದ ತಲೆ. ನೀರಿನಲ್ಲಿ ಗಡಸುತನವೇ ಇಲ್ಲದೆ ಕೆನೆಗಟ್ಟಿದೆಯೆಂದರೆ, ನೂಲಿನಲ್ಲಿ ಅದಕ್ಕೆ ತದ್ವಿರುದ್ಧವಾದದ್ದು ಏನೋ ಇದೆ. ಧನ ಆವೇಶದ ತಲೆ, ಅದಕ್ಕೂ ಜಿಡ್ಡಿನ ಬಾಲ. ಎರಡೂ ತಲೆ ಕೂಡಿಕೊಂಡು ನೀರಿಗೆ ಬೆನ್ನು ಹಾಕಿವೆ.

ಬೀರುವಿನಲ್ಲಿ ಬ್ರೋಮೋಫಿನಾಲ್ ಬ್ಲೂ ಎಂಬ ಬಣ್ಣದ ಪುಟ್ಟ ಬಾಟಲಿ ಇತ್ತು. ಆಮ್ಲದಲ್ಲಿ ಅದು ಹಳದಿಯಾಗಿರಬೇಕು. ಧನ ಆವೇಶದ ಜಿಡ್ಡಣುಗಳು ಸಿಕ್ಕರೆ ಮಾತ್ರ ಆಮ್ಲದಲ್ಲೂ ನೀಲಿಗೆ ತಿರುಗುತ್ತದೆ. ಎರಡೂ ನೂಲನ್ನು ಬೇರೆ ಬೇರೆ ನೆನೆಸಿ, ಆ ನೀರಿಗೆ ಆಮ್ಲ ಹಾಕಿ, ಬಣ್ಣ ಬಿಟ್ಟೆ. ಹಳೇ ನೂಲಿನ ನೀರು ಹಳದಿಯಾಗಿಯೇ ಉಳಿಯಿತು. ಹೊಸದರದ್ದು ನೀಲಿಯಾಯಿತು.

"ಏನ್ ಮೇಡಂ, ವಿಷನಾ?" ಎಂದ ಅಟೆಂಡರ್.

"ವಿಷ ಅಲ್ಲ. ಆದ್ರೆ ಯಾವ ಕುರಿ ಮೈಯಲ್ಲೂ ಇದು ಹುಟ್ಟಲ್ಲ ಕಣಪ್ಪ. ಬಾಟ್ಲಿಯಿಂದ ಬಂದಿದ್ದು. ನೂಲು ಏನು ಹಾಕಿ ತೊಳೆದ್ರು ಕೇಳು."

ಆತ ಅಲ್ಲೇ ನಿಂತು ಫೋನ್ ಮಾಡಿದ. ಸೋಪಿನ ಪುಡಿ ಅಂತಾಳೆ ಮೇಡಂ ತೀರ್ಕೊಂಡ ನಮ್ಮ ತಮ್ಮನ ಹೆಂಡ್ತಿ, ಎಂದ. ಸುಳ್ಳು, ಎಂದೆ ನಾನು. ಯಾಕೆ ಸುಳ್ಳು ಹೇಳುತ್ತಾಳೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆವು. ಮನೆಯ ಪಡಸಾಲೆಯಲ್ಲೇ ಕುಣಿ ಮಗ್ಗ. ಯಜಮಾನರು, ಅಂದರೆ ಆ ದೊಡ್ಡಪ್ಪ, ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದರು. ಮುಂದೆ ಹಾಸು ಬಿಗಿದಿತ್ತು, ಅಲ್ಲಲ್ಲಿ ಕಿತ್ತ ಎಳೆಗಳು ಜೋತಿದ್ದವು. ಒಂದು ಅಂಗುಲದಷ್ಟು ನೇಯ್ದು ಬಿಟ್ಟಿದ್ದರು.

"ಬರ್ರಿ ಮೇಡಂ, ಕುಂತ್ಕಳ್ರಿ," ಎಂದರು. "ಬೀಜಕ್ಕೆ ಹುಳ ಬಿದ್ದಿರ್ಬೇಕು ಅಂತ ಬೇರೆ ಬೀಜ ತರಿಸ್ದೆ. ರುಬ್ಬೋ ಕಲ್ಲು ತೊಳೆಸ್ದೆ. ದೇವ್ರಿಗೆ ಕಾಯಿ ಒಡೆಸ್ದೆ. ಇನ್ನೇನು ಬಾಕಿ ಐತೆ ಅಂತ ಕುಂತೀನಿ."

"ಬೀಜದ್ದೇನೂ ತಪ್ಪಿಲ್ಲ ಯಜಮಾನ್ರೆ. ನೂಲಲ್ಲಿ ಐತೆ."

ಅವರು ನನ್ನ ಮುಖ ನೋಡಿದರು. ಏನು ತಪ್ಪು ಎಂದು ಕೇಳಲಿಲ್ಲ. ಮಗನನ್ನು ಕಳೆದುಕೊಂಡವರು ಇಷ್ಟು ಸರಾಗವಾಗಿ ಮಾತಾಡುತ್ತಾರಲ್ಲ ಎಂದು ಬೇರೆಯವರಿಗೆ ಅನಿಸುತ್ತಿತ್ತೋ ಏನೋ. ನನಗೆ ಅದು ಗೊತ್ತಿದ್ದ ದನಿಯೇ ಆಗಿತ್ತು.

ಸೊಸೆ ಹಿತ್ತಲಲ್ಲಿ ಹುರಿದ ಹುಣಸೆ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಮೂವತ್ತರ ಒಳಗಿನ ಹೆಂಗಸು. ನಾನು ಪಕ್ಕದಲ್ಲಿ ಹೋಗಿ ಕೂತರೂ ಕೈ ನಿಲ್ಲಿಸಲಿಲ್ಲ.

"ನೂಲಿಗೆ ಏನು ಹಾಕಿದ್ದೆ ತಾಯಿ?"

"ಸೋಪಿನ ಪುಡಿ."

"ಸೋಪಿನ ಪುಡಿಗೆ ನಮ್ಮ ಬಣ್ಣ ಹಳದಿ ಇರ್ತಿತ್ತು. ನೀಲಿ ಬಂದೈತೆ. ನಾನು ಬೈಯಕ್ಕೆ ಬಂದಿಲ್ಲ. ಏನು ಹಾಕಿದ್ದೆ ಅಂತ ಗೊತ್ತಾದ್ರೆ ತೆಗೆಯೋದು ಹೆಂಗೆ ಅಂತ ಗೊತ್ತಾಗುತ್ತೆ, ಅಷ್ಟೆ."

ಒಂದಷ್ಟು ಬೀಜ ಸುಲಿದಳು. ಆಮೇಲೆ ಹೇಳಿದಳು. ಬಟ್ಟೆ ಒಗೆದ ಮೇಲೆ ಕೊನೇ ನೀರಿಗೆ ಹಾಕ್ತಾರಲ್ಲ, ಬಟ್ಟೆ ಮೆತ್ತಗಾಗಕ್ಕೆ, ಘಮ್ಮನ್ನಕ್ಕೆ, ಪ್ಯಾಕೆಟ್ಟಿನಲ್ಲಿ ಬರೋದು, ಅದು.

"ಯಾಕೆ ಹಾಕ್ದೆ? ಕಂಬ್ಳಿ ಚುಚ್ಚುತ್ತೆ ಅಂತನಾ?"

"ಚುಚ್ಚಿದ್ರೆ ಚುಚ್ಲಿ. ಅದಕ್ಕಲ್ಲ." ಕೈಯಲ್ಲಿದ್ದ ಬೀಜವನ್ನು ಅತ್ತ ಇತ್ತ ತಿರುಗಿಸಿದಳು. "ಅವ್ರು ಹಿರಿಯೂರು ಸಂತೆಗೆ ಹೋಗೋರು. ಬಸ್ಸಲ್ಲಿ ಪಕ್ಕದಾಗೆ ಕುಂತೋರು ಕುರಿ ವಾಸ್ನೆ ಅಂತ ಎದ್ದೋಗೋರಂತೆ. ಒಂದಿನ ಯಾರೋ ಬಾಯಿಬಿಟ್ಟು ಅಂದೂ ಬಿಟ್ರು. ಅವತ್ತಿಂದ ಆ ಪ್ಯಾಕೆಟ್ಟು ತರಕ್ಕೆ ಶುರು ಮಾಡಿದ್ರು. ಎಲ್ಲಾ ಅಂಗೀನೂ ಅದ್ರಾಗೆ ಅದ್ದಬೇಕು. ದೊಡ್ಡಿಗೆ ಹೋಗ್ಬೇಕಾದ್ರೂ ಅದೇ. ಕುರಿಗೆ ಗುರ್ತು ಸಿಗಾಕಿಲ್ಲ ನೋಡು ಅಂತ ನಾನು ನಗೋಳು. ಅವ್ರು ಬಾಗ್ಲಿಗೆ ಬರೋಕಿಂತ ಮುಂಚೆ ಆ ವಾಸ್ನೆ ಬರೋದು."

ಅವಳ ಮುಂದಿನ ರಾಶಿಯಿಂದ ನಾನೂ ಒಂದು ಹಿಡಿ ಬೀಜ ತೆಗೆದುಕೊಂಡೆ.

"ಅವ್ರ ಬಟ್ಟೆ ಎಲ್ಲಾ ಅವ್ರ ಜತೆಗೇ ಕುಣಿಗೆ ಹಾಕಿಬಿಟ್ರು. ನನಗೆ ಅವತ್ತು ಜ್ಞಾನ ಇರ್ಲಿಲ್ಲ, ಒಂದು ಇಟ್ಕಳಾಣ ಅಂತ ಹೊಳೀಲಿಲ್ಲ. ಪ್ಯಾಕೆಟ್ಟು ಉಳಿದಿದ್ವು. ಕಂಬ್ಳಿ ಕುರಿ ವಾಸ್ನೆ ಹೊಡೀತೈತೆ ಮೇಡಂ. ಅವ್ರು ಹಂಗಿರ್ಲಿಲ್ಲ. ಅದಕ್ಕೆ ಉಳಿದಿದ್ದು ಅಷ್ಟನ್ನೂ ಲಡಿಗೆ ಹಾಕಿ ಅದ್ದಿ ತೆಗೆದೆ."

ಇಷ್ಟು ಹೇಳುವಾಗಲೂ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಸಾಮಾನಿನ ಹೆಸರು ಹೇಳಿದಂತೆ ಹೇಳಿದಳು.

"ತೊಳೆದ್ರೆ ಹೋಗ್ತೈತಾ?" ಎಂದಳು.

"ಗಂಜಿ ಹತ್ತಬೇಕು ಅಂದ್ರೆ ಹೋಗ್ಲೇಬೇಕಮ್ಮ. ಅದೇ ಅಡ್ಡ ನಿಂತಿರೋದು."

"ಹಂಗಾರೆ ಹೋಗ್ಲಿ. ಮಾವಂಗೆ ಹೇಳಬ್ಯಾಡ್ರಿ," ಎಂದು ಮತ್ತೆ ಸಿಪ್ಪೆ ತೆಗೆಯತೊಡಗಿದಳು.

ಅಮ್ಮನ ವಾಸನೆ ಯಾವುದಿತ್ತು ಎಂದು ನೆನಪಿಸಿಕೊಳ್ಳಲು ಅಲ್ಲೇ ಕೂತು ನೋಡಿದೆ. ಫಿನಾಯಿಲಿನ ವಾಸನೆ ನೆನಪಾಯಿತು, ಬೆನ್ನಿಗೆ ಹಚ್ಚುತ್ತಿದ್ದ ಪೌಡರಿನದು ನೆನಪಾಯಿತು. ಕಾಯಿಲೆಗೆ ಮೊದಲಿನದು ಬರಲಿಲ್ಲ. ದುಃಖವಾಯಿತೆಂದು ಹೇಳಲಾರೆ. ಏನನ್ನೋ ಎಲ್ಲೋ ಇಟ್ಟು ಮರೆತಂತಾಯಿತು.

ಒಳಗೆ ಬಂದು ಯಜಮಾನರಿಗೆ, ನೂಲಿನ ಮೇಲೆ ಒಂದು ಥರದ ಜಿಡ್ಡು ಕೂತಿದೆ, ತೊಳೆದು ತೆಗೆಯಬೇಕು, ಎಂದೆ.

"ಎಲ್ಲಾ ತೊಳೀಬೇಕಾ?" ಎಂದರು.

"ಹೌದು."

"ಎಲ್ಲಾ?"

ಅಷ್ಟು ಕೇಳಿ ಅವರು ಲಾಳಿ ಕೈಗೆ ತೆಗೆದುಕೊಂಡು ಅದರೊಳಗಿನ ನೂಲಿನ ಸುರುಳಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ನಾನೂ ಆ ಲಾಳಿಯನ್ನೇ ನೋಡುತ್ತಿದ್ದೆ. ಜಿಡ್ಡು ಜಿಡ್ಡು ಎಂದು ಹಟಕ್ಕೆ ಬಿದ್ದವಳಿಗೆ ಕಣ್ಣೆದುರಿಗಿದ್ದದ್ದು ಆಗ ಕಂಡಿತು.

"ಯಜಮಾನ್ರೆ, ಹೊಕ್ಕಿನ ನೂಲಿಗೂ ಮೊದಲೇ ಗಂಜಿ ಹಾಕ್ತೀರಾ?"

"ಅದಕ್ಯಾಕೆ ಹಾಕಾಣ? ಅದೇನು ಎಳೆತ ತಡೀಬೇಕಾ? ಹಾಸಿನ ಎಳೆಗೆ ಮಾತ್ರ."

"ಹಂಗಾದ್ರೆ ಹಾಸಿನ ನೂಲು ಮಾತ್ರ ತೊಳೆಯಾಣ. ಹೊಕ್ಕು ಹೆಂಗೈತೋ ಹಂಗೇ ಇರ್ಲಿ."

ಹಿತ್ತಲ ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಯಜಮಾನರು ಲಾಳಿಯನ್ನು ಕೆಳಗಿಟ್ಟರು. ಆದರೆ ನಾನು ಅರ್ಧ ಹೇಳಿ ಬಿಡುವ ಹಾಗಿರಲಿಲ್ಲ. ನೇಯ್ದ ಮೇಲೆ ಕೊನೆಗೆ ಬಳಿಯುವ ಗಂಜಿ ಹಾಸಿನ ಎಳೆಗೆ ಹತ್ತುತ್ತದೆ, ಹೊಕ್ಕಿಗೆ ಹತ್ತುವುದಿಲ್ಲ. ದಪ್ಪಗೆ ಬಳಿದರೆ ಮೇಲೆ ಸಿಪ್ಪೆಯಂತೆ ಕೂತು ವರ್ಷದ ಪೂಜೆಗೆ ತಡೆಯಬಹುದು, ಆಮೇಲೆ ಉದುರುತ್ತದೆ, ಎಂದೆ.

"ಪೂಜೆಗೆ ತಡೆದ್ರೆ ಸಾಕು," ಎಂದರು ಅವರು. "ಗಂಜಿ ಮಾತ್ರ ಆಗ್ಲೇಬೇಕು. ಗಂಜಿ ಇಲ್ದಿದ್ರೆ ಅದು ಕಂಬ್ಳಿ ಅಲ್ಲ ಮೇಡಂ, ಹಚ್ಚಡ. ನನ್ನ ಮಗನ ಗದ್ದಿಗೆಗೆ ಹಚ್ಚಡ ಹಾಸ್ದೆ ಅಂತ ನಾಳೆ ಕುಲಸ್ಥರು ಆಡ್ಕಳಂಗಾಗಬಾರ್ದು."

ಹಾಸನ್ನು ಮಗ್ಗದಿಂದ ಬಿಚ್ಚಿ ಮತ್ತೆ ಲಡಿ ಮಾಡಲು ಅವರಿಗೆ ನಾಲ್ಕಾರು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಲ್ಯಾಬಿನಲ್ಲಿ ಉಳಿದಿದ್ದ ತುಂಡು ನೂಲಿನ ಮೇಲೆ ದಾರಿ ಹುಡುಕಿದೆ. ಸೋಪು ಬೇಡ, ಅದು ಕೆನೆಗಟ್ಟುತ್ತದೆ. ಉಣ್ಣೆಯ ಮೈಮೇಲೆ ಋಣ ಆವೇಶದ ಜಾಗಗಳಿವೆ. ಆ ಮೆತ್ತಗಾಗಿಸುವ ಮದ್ದು ತನ್ನ ಧನ ಆವೇಶದ ತಲೆಯನ್ನು ಅಲ್ಲಿ ಊರಿ, ಜಿಡ್ಡಿನ ಬಾಲವನ್ನು ಹೊರಕ್ಕೆ ಬಿಟ್ಟು ನಿಂತಿದೆ. ಹುಳಿ ನೀರಿನಲ್ಲಿ ಅದ್ದಿದರೆ ಉಣ್ಣೆಯೇ ಧನ ಆವೇಶಕ್ಕೆ ತಿರುಗಿ ಅದನ್ನು ಆಚೆಗೆ ದೂಡುತ್ತದೆ. ದೂಡಿದ್ದನ್ನು ಹೊತ್ತುಕೊಂಡು ಹೋಗಲು ಯಾವ ಆವೇಶವೂ ಇಲ್ಲದ ಒಂದು ತೊಳೆಯುವ ದ್ರವ ಬೇಕು. ಅಂಥದ್ದು ಹಿರಿಯೂರಿನಲ್ಲಿ ಸಿಗುವುದು ಗೊಬ್ಬರದಂಗಡಿಯಲ್ಲಿ. ಔಷಧಿ ಎಲೆಗೆ ಹರಡಿ ಕೂರಲೆಂದು ರೈತರು ಬೆರೆಸುವ ಸ್ಟಿಕ್ಕರ್ ಎಂಬ ದ್ರವ.

ಮೊದಲು ತಂದ ಬಾಟಲಿ ಕೈಕೊಟ್ಟಿತು. ಅದರಲ್ಲಿ ಸಿಲಿಕೋನ್ ಇತ್ತು. ನೂಲು ಮೊದಲಿಗಿಂತ ನುಣ್ಣಗಾಗಿ ಗಂಜಿ ಇನ್ನೂ ಚೆನ್ನಾಗಿ ಉಂಡೆ ಕಟ್ಟಿತು. ಅಂಗಡಿಯವನ ಹತ್ತಿರ ಹೋಗಿ ಎಲ್ಲಾ ಬಾಟಲಿಗಳ ಹಿಂದಿನ ಸಣ್ಣಕ್ಷರ ಓದುತ್ತ ನಿಂತೆ. "ಎಷ್ಟು ಎಕರೆ ಮೇಡಂ ತಮ್ದು?" ಎಂದ. "ಒಂದು ಕಂಬ್ಳಿ," ಎಂದೆ. ಎರಡನೆಯ ಬಾಟಲಿ ಕೆಲಸ ಮಾಡಿತು. ಹುಳಿಗೆ ಲ್ಯಾಬಿನ ಆಮ್ಲ ಮುಟ್ಟದೆ ಗೋಬಿ ಮಂಚೂರಿ ಗಾಡಿಯವರು ಕೊಳ್ಳುವ ವಿನೆಗರ್ ಕ್ಯಾನು ಕೊಂಡೆ. ಮೃದು ನೀರಿಗೆ ಅವರ ಊರಿನ ಶುದ್ಧ ನೀರಿನ ಘಟಕ ಇತ್ತು.

ಮುಂದಿನ ಭಾನುವಾರ ತೊಳೆತ. ನಿಯಮ ಇಷ್ಟೇ, ಉಜ್ಜಬಾರದು, ಹಿಂಡಬಾರದು, ಬಿಸಿ ತಣ್ಣಗೆ ಹೆಚ್ಚು ಕಡಿಮೆ ಮಾಡಬಾರದು. ಮಾಡಿದರೆ ಉಣ್ಣೆ ಗಂಟುಗಟ್ಟುತ್ತದೆ. ಎಲ್ಲರಿಗೂ ಹೇಳಿದೆ. ಅಟೆಂಡರ್ ತಲೆಯಾಡಿಸಿ, ನಾನು ಆಚೆ ತಿರುಗಿದೊಡನೆ ಒಂದು ಲಡಿಯನ್ನು ಬಟ್ಟೆ ಒಗೆದಂತೆ ಕುಕ್ಕಿ ಹಿಂಡಿದ. ಅದು ಹಗ್ಗದಂತಾಯಿತು. ಬಿಡಿಸಲು ಬರಲಿಲ್ಲ.

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಸಿಟ್ಟು ಇರಬೇಕು. "ಲೇ, ಕಿವಿ ಎಲ್ಲಿಟ್ಟಿದ್ಯೋ? ಇದು ಮತ್ತೆ ಸಿಗೋದಲ್ಲ ಅಂತ ನೀನೇ ಹೇಳಿದ್ದಲ್ಲವೇನೋ?" ಎಂದು ಅವನ ನೆಂಟರೆದುರಿಗೇ ಬೈದೆ. ಆತ ತಲೆ ತಗ್ಗಿಸಿ ನಿಂತ.

ಯಜಮಾನರು ಕೆಟ್ಟ ಲಡಿಯನ್ನು ಎತ್ತಿ ನೋಡಿದರು. "ಗೇಣುದ್ದ ಕಮ್ಮಿ ಆಗ್ತೈತೆ ಅಷ್ಟೆ. ಅವನೇನು ಅಷ್ಟು ಎತ್ತರ ಇರ್ಲಿಲ್ಲ ಬಿಡ್ರಿ," ಎಂದರು. ಯಾರೂ ನಗಲಿಲ್ಲ. ಸೊಸೆ ಮಾತ್ರ ತುಟಿ ಸ್ವಲ್ಪ ಅಲುಗಿಸಿದಳು.

ಉಳಿದ ಲಡಿಗಳನ್ನು ಬಿದಿರಿನ ಗಳಕ್ಕೆ ತೂಗು ಹಾಕಿ, ಸ್ಟಿಕ್ಕರ್ ಬೆರೆಸಿದ ಹುಳಿ ನೀರಿಗೆ ಇಳಿಸಿ, ಎತ್ತಿ, ಮತ್ತೆ ಇಳಿಸಿ, ಬರೀ ನೀರಿನಲ್ಲಿ ಜಾಲಿಸಿದೆವು. ಕೊನೆಯ ನೀರನ್ನು ಗಾಜಿನ ಕೊಳವೆಗೆ ತೆಗೆದುಕೊಂಡು ಬಣ್ಣ ಬಿಟ್ಟೆ. ಹಳದಿ. ನೆರಳಲ್ಲಿ ಒಣಗಿದ ಮೇಲೆ ಯಜಮಾನರೇ ಬೆರಳಿನಿಂದ ಒಂದು ತೊಟ್ಟು ಗಂಜಿ ಬಿಟ್ಟರು. ಅದು ಹರಡಿತು, ಇಳಿಯಿತು. ಅವರು ಆ ಎಳೆಯನ್ನು ಮೂಗಿನ ಹತ್ತಿರ ಒಯ್ದು ಮತ್ತೆ ಕೆಳಗಿಟ್ಟರು. ಹುಳಿ ವಾಸನೆ ನೋಡುತ್ತಿದ್ದಾರೆ ಎಂದುಕೊಂಡೆ.

ಮರುದಿನ ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಹಾಸನ್ನು ಎಳೆದು ಕಟ್ಟಿ ಕುಂಚದಿಂದ ಗಂಜಿ ಬಳಿದರಂತೆ. ನಾನು ಕಾಲೇಜಿನಲ್ಲಿದ್ದೆ. ಅಟೆಂಡರ್ ಮಧ್ಯಾಹ್ನ ಬಂದು, "ಹತ್ತೈತೆ ಮೇಡಂ, ತಂತಿ ಆದಂಗೆ ಆಗೈತೆ," ಎಂದ. ಬೈದದ್ದನ್ನು ಮರೆತಿದ್ದ. ಅಂದಿನ ತರಗತಿಯಲ್ಲಿ ಹೈಡ್ರೋಜನ್ ಬಂಧವೇ ಇತ್ತು. ಪಠ್ಯದಲ್ಲಿದ್ದಷ್ಟು ಹೇಳಿ ಬಂದೆ.

ಅದರ ಮುಂದಿನ ವಾರ ಹೋದಾಗ ಕಂಬಳಿ ಅರ್ಧಕ್ಕೆ ಬಂದಿತ್ತು. ಎಳೆ ಕಿತ್ತಿರಲಿಲ್ಲ. ಯಜಮಾನರು ಒಂದು ಸಲ ಲಾಳಿ ಎಸೆದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಎಸೆಯುತ್ತಿದ್ದರು. ಇಷ್ಟು ನಿಧಾನವಾದರೆ ವರ್ಷದ ದಿನಕ್ಕೆ ಮುಗಿಯುತ್ತದೆಯೇ ಎಂದು ನನಗೇ ದಿಗಿಲಾಯಿತು. ಹಾಗೆಂದೆ.

"ಮುಗೀತೈತೆ," ಎಂದರು. ಸೊಸೆ ನೀರಿಗೆ ಹೋಗಿದ್ದಳು. ಅವರು ಬಾಗಿಲ ಕಡೆ ನೋಡಿ, ಹೊಕ್ಕಿನ ನೂಲನ್ನು ಬೆರಳಿಂದ ತೋರಿಸಿದರು. "ಇದು ಏನು ವಾಸ್ನೆ ಅಂತ ನಿಮಗೆ ಹೇಳಿದ್ಲಾ ಅವಳು?"

ನಾನು ಹಾಸಿನ ಎಳೆಗಳ ಕಡೆ ನೋಡಿದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಅವಳ ಮಾತು ಮೀರುವುದೂ ಬೇಡವಾಗಿತ್ತು.

"ಹೇಳಿರ್ತಾಳೆ ಬಿಡ್ರಿ. ಲಡಿ ನನ್ನ ಕೈಗೆ ಕೊಟ್ಟ ದಿನಾನೇ ನನಗೆ ಗೊತ್ತಾತು. ಅವನ ಅಂಗಿ ವಾಸ್ನೆ. ಅದೇ ನೂಲು ಕೆಡಿಸೈತೆ ಅಂತ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೂ ತೊಳಿ ಅಂತ ನನ್ನ ಬಾಯಿಂದ ಬರ್ತಿರ್ಲಿಲ್ಲ."

ಅದಕ್ಕೇ ಎಲ್ಲಾ ತೊಳೀಬೇಕಾ ಎಂದು ಎರಡು ಸಲ ಕೇಳಿದ್ದರು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ವಾಸನೆ ಹಿಡಿದುಕೊಂಡು, ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಬೀಜ ಬದಲಾಯಿಸುತ್ತಿದ್ದರು, ಸಿಪ್ಪೆ ತೆಗೆಯುತ್ತಿದ್ದರು. ಸೊಸೆ ಕೊಡ ಹೊತ್ತು ಬಂದಳು. ಯಜಮಾನರು ಲಾಳಿ ಎಸೆದರು.

ವರ್ಷದ ಪೂಜೆಯ ಹಿಂದಿನ ದಿನ ಅಟೆಂಡರ್ ನನ್ನನ್ನು ಕರೆದುಕೊಂಡು ಹೋದ. ಕಂಬಳಿ ಮುಗಿದಿತ್ತು. ಅಂಗಳದ ಬಿಸಿಲಿನಲ್ಲಿ ಹರವಿದ್ದರು, ಮೂಲೆಗಳಿಗೆ ಕಲ್ಲು ಇಟ್ಟಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸೊಸೆ ಕೈಯಾಡಿಸುತ್ತಿದ್ದಳು. ನಾನು ಹೇಳಿದಂತೆಯೇ ದಪ್ಪಗೆ ಕಾಯಿಸಿದ್ದಳು. ಬಿಸಿಲು ಏರಿದಂತೆ ಕಂಬಳಿಯಿಂದ ವಾಸನೆ ಎದ್ದು ಅಂಗಳದ ತುಂಬ ಹರಡಿತ್ತು. ಒಗೆದ ಬಟ್ಟೆಯ, ಅಂಗಡಿಯ ಹೂವಿನ ವಾಸನೆ. ಅಂಥ ಸಾಧಾರಣ ವಾಸನೆ. ಹಿರಿಯೂರಿನಲ್ಲಿ ಯಾವ ಮನೆಯ ತಂತಿಯ ಕೆಳಗೆ ಹಾದು ಹೋದರೂ ಸಿಗುತ್ತದೆ.

ಯಜಮಾನರು ಕುಂಚವನ್ನು ಗಂಜಿಯಲ್ಲಿ ಅದ್ದಿ ಕಂಬಳಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಕುಂಚದಿಂದ ಗಂಜಿ ನೆಲಕ್ಕೆ ತೊಟ್ಟಿಕ್ಕಿತು. ಬಳಿಯಲಿಲ್ಲ. ಹಾಗೇ ಕೂತಿದ್ದು, ಎದ್ದು, ಕುಂಚವನ್ನು ಪಾತ್ರೆಗೆ ವಾಪಸು ಹಾಕಿದರು.

"ಇಳಿಸವ್ವ ಅದನ್ನ," ಎಂದರು.

"ಯಾಕೆ ಮಾವ? ಗಂಟಾಗೈತಾ?"

"ಗಂಜಿ ಬ್ಯಾಡ."

ಅವಳು ಅವರನ್ನೂ ಕಂಬಳಿಯನ್ನೂ ನೋಡಿದಳು. "ಕುಲಸ್ಥರು ಬರ್ತಾರೆ ಮಾವ, ನಾಳೆ. ಹಚ್ಚಡ ಅಂತಾರೆ."

"ಅನ್ಲಿ. ಗಂಜಿ ಬಳಿದ್ರೆ ಮುಚ್ಚಿಹೋಗ್ತೈತೆ." ಏನು ಮುಚ್ಚಿಹೋಗುತ್ತದೆ ಎಂದು ಅವರು ಹೇಳಲಿಲ್ಲ. ಅವಳು ಕೇಳಲಿಲ್ಲ. ಸೆರಗಿನಿಂದ ಪಾತ್ರೆಯ ಕಂಠ ಹಿಡಿದು ಒಲೆಯಿಂದ ಇಳಿಸಿ, ಅಲ್ಲೇ ನೆಲಕ್ಕೆ ಕೂತಳು. ಮುಖಕ್ಕೆ ಸೆರಗು ಒತ್ತಿಕೊಂಡಳು. ಗಂಜಿಯ ಆವಿ ಇನ್ನೂ ಏಳುತ್ತಿತ್ತು.

ಯಜಮಾನರು ನನ್ನ ಕಡೆ ತಿರುಗಿದರು. "ಮೇಡಂ, ಇದು ಎಷ್ಟು ದಿನ ಇರ್ತೈತೆ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು, ಉತ್ತರವೂ ಗೊತ್ತಿತ್ತು. ಪರಿಮಳದ ಅಣುವನ್ನು ನೂಲಿನಲ್ಲಿ ಹಿಡಿದಿರುವುದು ಯಾವ ಬಂಧವೂ ಅಲ್ಲ. ಅಕ್ಕಪಕ್ಕದ ಅಣುಗಳ ನಡುವೆ ಕ್ಷಣ ಹುಟ್ಟಿ ಕ್ಷಣ ಸಾಯುವ ಸೆಳೆತ, ನಾವು ಕಲಿಸುವ ಬಲಗಳಲ್ಲೆಲ್ಲ ತೀರ ಬಡಪಾಯಿಯಾದದ್ದು. ಅಣು ಮೂಗಿಗೆ ಬಂತೆಂದರೆ ನೂಲನ್ನು ಬಿಟ್ಟಿತೆಂದೇ ಅರ್ಥ. ನಾವು ಅಂಗಳದಲ್ಲಿ ನಿಂತು ಆಘ್ರಾಣಿಸುತ್ತಿದ್ದಷ್ಟೂ ಅದು ಕಡಿಮೆಯಾಗುತ್ತಿತ್ತು. ಇಷ್ಟನ್ನು ಅವರಿಗೆ ಹೇಗೆ ಹೇಳಲಿ? ಸುಮ್ಮನೆ ಬಹಳ ದಿನ ಇರುತ್ತದೆ ಎಂದುಬಿಡಬಹುದಿತ್ತು. ಬಾಯಿಯವರೆಗೆ ಬಂತು.

"ಬಿಸಿಲಿಗೆ, ಗಾಳಿಗೆ ಬೇಗ ಹೋಗುತ್ತೆ ಯಜಮಾನ್ರೆ. ಮಡಚಿ, ಮುಚ್ಚಿ, ನೆರಳಲ್ಲಿಟ್ರೆ ಕೆಲವು ತಿಂಗಳು ಇರುತ್ತೆ."

"ಆಮ್ಯಾಕೆ?"

"ಆಮೇಲೆ ಕುರಿ ವಾಸನೆನೇ."

ಅವರು ತಲೆಯಾಡಿಸಿದರು. ದವಡೆಯ ಮದ್ದು ಇಳಿದಂತೆ ನನಗೆ ಎಲ್ಲೋ ನೋಯತೊಡಗಿತು. ಅದು ಯಾರಿಗಾಗಿ ಎಂದು ನನಗೆ ತಿಳಿಯಲಿಲ್ಲ. ಯಜಮಾನರು ಬಗ್ಗಿ ಮೂಲೆಯ ಕಲ್ಲುಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು. ಸೊಸೆ ಎದ್ದು ಬಂದು ಆಚೆ ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ಕಂಬಳಿಯನ್ನು ಮಡಚುತ್ತ ಮಡಚುತ್ತ ಹತ್ತಿರ ಬಂದರು, ಬಿಸಿಲು ತಾಗದಂತೆ ಅದನ್ನು ಒಳಗೆ ತೆಗೆದುಕೊಂಡು ಹೋದರು.